ಬಟ್ಟೆ ಒಣಗದ ದಿನ

ಕಲ್ಲಬಾವಿ ಊರಿಗೆ ಒಣಜ್ವರ ಬಂದದ್ದು ಡಾಕ್ಟರಿಗಿಂತ ಮೊದಲು ಗೊತ್ತಾಗಿದ್ದು ಅಗಸರ ಕಾಶಮ್ಮನಿಗೆ. ಅವಳು ಓದಿದವಳಲ್ಲ. ಆದರೆ ನಲವತ್ತು ವರ್ಷ ಊರಿನ ಬಟ್ಟೆ ಒಗೆದವಳಿಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಗಂಟು ಬಿಚ್ಚಿದರೆ ಸಾಕು. ಏಪ್ರಿಲ್ ಕೊನೆಯ ವಾರ, ನಲವತ್ನಾಲ್ಕು ಡಿಗ್ರಿ ಬಿಸಿಲಲ್ಲಿ, ಬಸ್ ಕಂಡಕ್ಟರ್ ಮಾಣಿಕಪ್ಪನ ಖಾಕಿ ಅಂಗಿಗಳು ಒಗೆಯಲು ಬಂದವು. ಕುತ್ತಿಗೆಪಟ್ಟಿ ನೋಡಿದಳು, ಕಂಕುಳು ನೋಡಿದಳು. ಒಂದರ ಮೇಲೂ ಕಲೆ ಇಲ್ಲ.

"ಏ ಜಗದೇವಿ, ಇಲ್ಲಿ ನೋಡು. ಮಾಣಿಕಪ್ಪ ಈ ಅಂಗಿ ತೊಟ್ಟಾನೋ, ಗೂಟಕ್ಕ ಹಾಕಿ ನೋಡ್ಕೋತ ಕುಂತಾನೋ?"

ಜಗದೇವಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಗಂಡಂದಿರಿಬ್ಬರೂ ತೀರಿಕೊಂಡ ಮೇಲೆ ಒಂದೇ ಒಲೆ, ಒಂದೇ ಒಗೆಯುವ ಕಲ್ಲು. ಜಗಳಕ್ಕೂ ಬೇರೆ ಯಾರೂ ಇಲ್ಲದ್ದರಿಂದ ಇಬ್ಬರೇ ಮಾಡಿಕೊಳ್ಳುತ್ತಿದ್ದರು.

"ಹೆಂಡ್ತಿ ತವರಿಗಿ ಹೋಗ್ಯಾಳಲ್ಲ ಯಕ್ಕಾ, ಅಂವಾ ಈಗರೇ ಜಳಕಾ ಮಾಡ್ಲಾಕ ಕಲ್ತಿರ್ಬೇಕು" ಎಂದು ಜಗದೇವಿ ನಕ್ಕಳು.

ಎರಡು ದಿನ ಬಿಟ್ಟು, ಮಟಮಟ ಮಧ್ಯಾಹ್ನ, ಚೆನ್ನಾಗಿಯೇ ಓಡಾಡಿಕೊಂಡಿದ್ದ ಮಾಣಿಕಪ್ಪ ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿಯುತ್ತಲೇ ಬಿದ್ದು ಸತ್ತ. ಎತ್ತಲು ಹೋದವರು ಮೈ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರಂತೆ, ಕಾದ ಹಂಚು ಮುಟ್ಟಿದ ಹಾಗೆ.

ರೋಗ ವಿಚಿತ್ರದ್ದು. ಮೂರು ದಿನ ಸಣ್ಣ ಜ್ವರ, ಮೈಕೈ ನೋವು. ನಾಲ್ಕನೆಯ ದಿನ ಜ್ವರ ಬಿಡುತ್ತದೆ. ಹಸಿವಾಗುತ್ತದೆ, ನಿದ್ದೆ ಬರುತ್ತದೆ, ರೋಗಿ ಎದ್ದು ಕೆಲಸಕ್ಕೆ ಹೋಗುತ್ತಾನೆ. ಆದರೆ ಬೆವರಿನ ಗ್ರಂಥಿಗಳಿಗೆ ಅಪ್ಪಣೆ ಕೊಡುವ ನರಗಳನ್ನು ಆ ರೋಗಾಣು ಮಲಗಿಸಿ ಹೋಗಿರುತ್ತದೆ. ಮತ್ತೆ ಅವು ಏಳಲು ಹನ್ನೊಂದು ದಿನ ಬೇಕು. ಅಲ್ಲಿಯವರೆಗೆ ಒಂದು ಹನಿ ಬೆವರಿಲ್ಲ. ನಮ್ಮ ಅಜ್ಜಂದಿರ ಕಾಲದ ಬೇಸಿಗೆಯಾಗಿದ್ದರೆ ಈ ರೋಗ ನೆಗಡಿಯಂತೆ ಬಂದು ಹೋಗುತ್ತಿತ್ತೇನೋ. ಈಗಿನ ಬೇಸಿಗೆ ಹಾಗಿಲ್ಲವಲ್ಲ. ಹೊರಗಿನ ಬಿಸಿ ಮೈಯ ಬಿಸಿಯನ್ನು ಮೀರಿದ ಮೇಲೆ ಮನುಷ್ಯನಿಗೆ ಉಳಿಯುವ ಆಸರೆ ಬೆವರೊಂದೇ. ಅದೂ ನಿಂತರೆ ಬದುಕಿದ್ದವನೇ ಬೆಂದುಹೋಗುತ್ತಾನೆ.

ಜಿಲ್ಲಾಸ್ಪತ್ರೆಯ ಎಸಿ ಕೋಣೆಗಳು ಎರಡೇ ದಿನಕ್ಕೆ ತುಂಬಿದವು. ಮೂರನೇ ದಿನದಿಂದ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಲ್ಲಬಾವಿಗೆ ಬಂದವರು ಡಾಕ್ಟರ್ ನುಸ್ರತ್ ಒಬ್ಬರೇ. ಕಾಲೇಜಿನ ದೊಡ್ಡ ಹಾಲಿನಲ್ಲಿ ನೂರಾ ನಲವತ್ತು ಮಂದಿಯನ್ನು ಚಾಪೆಯ ಮೇಲೆ ಮಲಗಿಸಿ ಅವರು ಮೊದಲು ಕೇಳಿದ್ದು ಔಷಧವನ್ನಲ್ಲ.

"ಈ ಊರಾಗ ಅಗಸರು ಯಾರಿದ್ದಾರ? ಕರೀರಿ."

ಉಪಾಯ ಸರಳವಾಗಿತ್ತು. ಮೈಯೊಳಗಿಂದ ಬೆವರು ಬರದಿದ್ದರೆ ಹೊರಗಿಂದ ಹೊದಿಸುವುದು. ಒದ್ದೆ ಬಟ್ಟೆ ಹೊದಿಸಿದರೆ ನೀರು ಆರುತ್ತಾ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಬಟ್ಟೆ ಒಣಗಿತೋ, ಮತ್ತೆ ಒದ್ದೆ ಮಾಡಬೇಕು. ಕಾಶಮ್ಮ ಒಂದು ಎಲೆಅಡಿಕೆ ಬಾಯಿಗಿಟ್ಟುಕೊಂಡು ಚಾದರವೊಂದನ್ನು ಕಿಟಕಿಗೆ ಹರವಿ ನಿಂತಳು. ಎಲೆ ಜಗಿದು ಉಗುಳುವ ಹೊತ್ತಿಗೆ ಚಾದರ ಒಣಗಿತ್ತು. "ಒಂದು ಎಲಿ" ಎಂದಳು. ಅಲ್ಲಿಂದ ಮುಂದೆ ಆ ಹಾಲಿನ ಗಡಿಯಾರ ಅದೇ ಆಯಿತು. ಒಂದು ಎಲೆಗೊಮ್ಮೆ ಚಾದರ ಎತ್ತು, ಅದ್ದು, ಹಿಂಡು, ಹೊದಿಸು. ಜಗದೇವಿಯೂ ಸೇರಿ ಒಂಬತ್ತು ಮಂದಿ ಅಗಸಗಿತ್ತಿಯರು ಪಾಳಿ ಹಚ್ಚಿ ದುಡಿದರು. ಹದಿನೈದು ದಿನ ಆ ಹಾಲಿನಲ್ಲಿ ಒಂದು ಹೆಣವೂ ಬೀಳಲಿಲ್ಲ. ಬೆವರು ಬಂದವರು ಮನೆಗೆ ಹೋದರು, ಹೊಸಬರು ಬಂದು ಮಲಗಿದರು. ಸುತ್ತಲಿನ ಊರುಗಳಲ್ಲಿ ಹೆಣ ಸುಡಲು ಕಟ್ಟಿಗೆ ಸಿಗುತ್ತಿರಲಿಲ್ಲ.

ಹದಿನಾರನೇ ದಿನ ಜಗದೇವಿಗೆ ಜ್ವರ ಬಂತು.

"ಕೆಲಸ ತಪ್ಪಿಸ್ಲಾಕ ನಾಟಕ ನೋಡು ಈಕಿದು" ಎಂದಳು ಕಾಶಮ್ಮ ರೊಟ್ಟಿ ತಟ್ಟುತ್ತಾ. ಆದರೆ ತಟ್ಟುತ್ತಿದ್ದ ರೊಟ್ಟಿ ಹರಿಯಿತು.

"ನಲ್ವತ್ತು ವರ್ಷ ಮಂದಿ ಬೆವರು ತೊಳ್ದೀನಿ. ಹನ್ನೊಂದು ದಿನ ಸೂಟಿ ಕೊಟ್ಟಾನ ದೇವ್ರು" ಎಂದಳು ಜಗದೇವಿ ಗೋಡೆಗೆ ಒರಗಿ. ಆಮೇಲೆ, "ಯಕ್ಕಾ, ನಂಗ ಆ ಹಾಲಿನಾಗ ನಡುವ ಮಲಗಸಬ್ಯಾಡ. ಬಾಗಿಲ ಬಾಜೂಕ ಹಾಕು. ಮಂದಿ ನೋಡ್ಕೋತ ಇರ್ತೀನಿ" ಎಂದಳು.

"ಮಾತಾಡ್ಲಾಕ ಮಂದಿ ಬೇಕು ಅನ್ನು."

"ಮತ್ತ? ನಿನ್ನ ಮಾರಿ ಎಷ್ಟಂತ ನೋಡ್ಲಿ?"

ನಾಲ್ಕನೇ ದಿನ ಜ್ವರ ಬಿಟ್ಟಿತು. ಬಾಗಿಲ ಪಕ್ಕದ ಚಾಪೆಯ ಮೇಲೆ ಚಾದರ ಹೊದ್ದು ಕುಳಿತು ಜಗದೇವಿ ಹಾಲಿಗೆಲ್ಲ ಕೇಳುವಂತೆ ಹರಟುತ್ತಿದ್ದಳು. ಅವಳು ಎದ್ದರೆ ಎಲ್ಲರೂ ಏಳುತ್ತಿದ್ದರು, ಅವಳು ಉಂಡರೆ ಉಣ್ಣುತ್ತಿದ್ದರು. ಕಾಶಮ್ಮ ದಿನ ಎಣಿಸತೊಡಗಿದಳು. ಒಂದು, ಎರಡು, ಮೂರು. ದಿನಕ್ಕೆ ಐವತ್ತು ಸಲ ಬೇರೆಯವರ ಚಾದರ ಹಿಂಡಿದರೆ ನೆಗೆಣ್ಣಿಯದನ್ನು ಅರವತ್ತು ಸಲ ಹಿಂಡುತ್ತಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ಚಾದರ ಒಣಗಲಿಲ್ಲ.

ಒಂದು ಎಲೆ ಮುಗಿಯಿತು, ಎರಡು ಮುಗಿಯಿತು. ಮೂರನೆಯದನ್ನು ಬಾಯಿಗೆ ಹಾಕಿಕೊಂಡು ಕಾಶಮ್ಮ ಚಾದರ ಮುಟ್ಟಿದಳು. ಹಿಂಡಿ ಹೊದಿಸಿದಾಗ ಹೇಗಿತ್ತೋ ಹಾಗೇ ಇದೆ, ಮೇಲಾಗಿ ಉಗುರುಬೆಚ್ಚಗಾಗಿದೆ. ಬಿಸಿಗಾಳಿ ಒಳಗೆ ಬರಬಾರದೆಂದು ತಾಲೂಕು ಕಚೇರಿಯವರು ಅಪ್ಪಣೆ ಮಾಡಿ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಗಾಳಿ ಬಿರುಸಾಗಿದ್ದಾಗ ಸಂದಿಗೊಂದಿಯಲ್ಲೇ ಸಾಕಷ್ಟು ನುಗ್ಗುತ್ತಿತ್ತು. ಇವತ್ತು ಗಾಳಿ ನಿಂತಿತ್ತು. ನೂರಾ ನಲವತ್ತು ಒದ್ದೆ ಚಾದರಗಳ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಹಾಲಿನಲ್ಲೇ ನಿಂತಿತ್ತು. ಕಾಶಮ್ಮನಿಗೆ ಆ ವಾಸನೆ ಗೊತ್ತು. ಸೋಡಾ ಹಾಕಿ, ಬಟ್ಟೆ ಒಟ್ಟಿ, ಬಾಯಿ ಮುಚ್ಚಿ ಬೇಯಿಸುವ ಉಬ್ಬೆಯ ಹಂಡೆಯ ವಾಸನೆ.

ಕಿಟಕಿಗಳನ್ನೆಲ್ಲ ತೆಗೆಸಿ, ಸೆರಗು ಸಿಕ್ಕಿಸಿಕೊಂಡು, ತಾಲೂಕು ಕಚೇರಿಯ ಮಾಳಿಗೆ ಹತ್ತಿದಳು. ಅಲ್ಲಿ ತಾಪ ನಿಯಂತ್ರಣ ಕೊಠಡಿ. ನಾಲ್ಕು ಪರದೆ, ಒಂದು ಸೈರನ್ ಗುಂಡಿ, ಅವುಗಳ ನಡುವೆ ಮೂರು ರಾತ್ರಿ ನಿದ್ದೆಯಿಲ್ಲದ ವಿಠಲ್ ಮೇತ್ರೆ.

"ಸಾಬ್ರೆ, ಬಟ್ಟಿ ಒಣಗಲ್ಲಾಗ್ಯಾವ."

"ಕಾಶವ್ವಾ, ನಾ ಏನು ಇಸ್ತ್ರಿ ಮಾಡ್ಲೇನು?" ಎಂದವನು ಅವಳ ಮುಖ ನೋಡಿ ನಗು ನಿಲ್ಲಿಸಿದ. ಪರದೆ ತೋರಿಸಿದ. "ಇದು ನೋಡ್ರಿ. ಎರಡು ಥರ್ಮಾಮೀಟರ್ ಅವ. ಒಂದು ಒಣಂದು, ಒಂದಕ್ಕ ಒದ್ದಿ ಬಟ್ಟಿ ಸುತ್ತೀವಿ. ಒದ್ದಿದು ಎಷ್ಟರ ತನಕ ತಣ್ಣಗ ಆಗ್ತದೋ, ಮನುಷ್ಯನ ಮೈ ಅಷ್ಟರ ತನಕ ತಣ್ಣಗ ಆಗ್ತದ. ಮೂವತ್ತೊಂದು ದಾಟಿದ್ರ ಸೈರನ್. ಮೂವತ್ತೈದಕ್ಕ ನೀರು ಹೊಯ್ದ್ರೂ ಉಳಿಯಲ್ಲ. ಈಗ ಇಪ್ಪತ್ತೆಂಟದ. ಫಿಕರ್ ಬ್ಯಾಡ."

"ಇದು ಎಲ್ಲಿಂದು ಹೇಳ್ತದ?"

"ಮಾಳಗಿ ಮ್ಯಾಲಿಂದು."

"ಮಂದಿ ಮಾಳಗಿ ಮ್ಯಾಲ ಮಲಗ್ಯಾರೇನು?"

ವಿಠಲ್ ಕುರ್ಚಿಯಿಂದ ಎದ್ದ. ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಕಪಾಟಿನಿಂದ ತೆಗೆದುಕೊಂಡು ಅವಳ ಹಿಂದೆ ಇಳಿದ. ಹಾಲಿನ ನಡುವೆ ನಿಂತು ನೋಡಿದ. ಕಿಟಕಿ ತೆಗೆದು ಅರ್ಧ ಗಂಟೆಯಾದ ಮೇಲೂ ಮೂವತ್ತೆರಡು ಚಿಲ್ಲರೆ. ಆ ಮೂಲೆಯಲ್ಲಿ ಒಬ್ಬ ಮುದುಕ ಆಗಲೇ ಬಡಬಡಿಸುತ್ತಿದ್ದ. ಡಾಕ್ಟರ್ ನುಸ್ರತ್ ಅವನ ತಲೆಗೆ ನೀರು ಸುರಿಯುತ್ತಿದ್ದರು. ಅವನು ಸಂಜೆಯ ಹೊತ್ತಿಗೆ ತೀರಿಕೊಂಡ. ಆ ಹಾಲಿನ ಮೊದಲ ಹೆಣ.

"ನಾಳಿಗಿ ಇನ್ನೂ ಕೆಟ್ಟದು ಬರ್ಲತ್ತದ" ಎಂದ ವಿಠಲ್, ಧ್ವನಿ ಇಳಿಸಿ. "ನಾಳಿ ಮಧ್ಯಾಹ್ನ ಮೋಡ ಬಂದು ಒಂದ್ ಹತ್ತು ನಿಮಿಷ ಮಳಿ ಬೀಳ್ತದ ಅಂತ ತೋರಸ್ಲತ್ತದ. ಆಮ್ಯಾಲ ಬಿಸಲು. ಕಾದ ನೆಲದ ಮ್ಯಾಲ ನೀರು ಬಿದ್ದು ಬಿಸಲು ಬಿತ್ತಂದ್ರ..."

"ಊರೇ ಉಬ್ಬಿ ಆಗ್ತದ" ಎಂದಳು ಕಾಶಮ್ಮ.

ಇಡೀ ಸೀಮೆ ಮೂರು ತಿಂಗಳಿಂದ ಬೇಡಿಕೊಳ್ಳುತ್ತಿದ್ದ ಮಳೆ ನಾಳೆ ಬರುವುದಿತ್ತು. ಅದು ಬಂದರೆ ಈ ನೂರಾ ನಲವತ್ತು ಮಂದಿಯ ಮೈಮೇಲಿನ ಬಟ್ಟೆ ಒಣಗುವುದಿಲ್ಲ. ಅವರಲ್ಲಿ ಒಬ್ಬಳು ಬಾಗಿಲ ಪಕ್ಕ ಕುಳಿತು ಯಾರಿಗೋ ಗಾದೆ ಹೇಳಿ ನಗಿಸುತ್ತಿದ್ದಳು. ಅವಳಿಗೆ ಇನ್ನು ಎರಡು ದಿನ ಬೇಕಿತ್ತು.

"ಸುರಂಗಬಾವಿ" ಎಂದಳು ಕಾಶಮ್ಮ.

ಕಲ್ಲಬಾವಿಯ ಹೊರಗೆ, ಬಾದಶಹರ ಕಾಲದಲ್ಲಿ ನೆಲದೊಳಗೆ ಕೊರೆದ ನೀರಿನ ದಾರಿಯೊಂದಿದೆ. ಆಳೆತ್ತರದ ಸುರಂಗ, ತಳದಲ್ಲಿ ಮೊಣಕಾಲುದ್ದ ಹರಿಯುವ ನೀರು, ಗಾಳಿಗೆಂದು ಮೇಲಿನಿಂದ ಇಳಿಬಿಟ್ಟ ಹದಿನೆಂಟು ಬಾಯಿಗಳು. ಕೊನೆಯಲ್ಲಿ ಮೆಟ್ಟಿಲು. ನೀರು ಅಲ್ಲಿ ಹೊರಬಂದು ಅಗಸರ ಕಟ್ಟೆಗೆ ಬೀಳುತ್ತದೆ. ಮೇಲೆ ಎಂಥ ಬಿಸಿಲಿದ್ದರೂ ಒಳಗೆ ಇಪ್ಪತ್ತಾರು ಡಿಗ್ರಿ. ಒಳಗಿನ ಗಾಳಿ ಎಷ್ಟೇ ತೇವವಿರಲಿ, ಅಷ್ಟು ತಂಪಿನಲ್ಲಿ ಬೆವರಿಲ್ಲದವನೂ ಬದುಕುತ್ತಾನೆ.

ಆದರೆ ಹದಿನೆಂಟೂ ಬಾಯಿಗಳಿಗೆ ಊರಿನವರು ಒಡೆದ ಮನೆಗಳ ಕಲ್ಲುಮಣ್ಣು, ಹಳೆ ಟೈರು, ಸತ್ತ ನಾಯಿ ಎಲ್ಲವನ್ನೂ ಸುರಿದಿದ್ದರು. ಆರು ವರ್ಷದಿಂದ ಕಾಶಮ್ಮ ಮತ್ತು ಅಗಸಗಿತ್ತಿಯರು ಸಂತೆಯ ದಿನ ಪುರಸಭೆಯ ಮುಂದೆ ಕೂರುತ್ತಿದ್ದರು. "ಬೇಸಿಗಿ ವರ್ಷಾ ವರ್ಷಾ ಹೆಚ್ಚಾಗ್ಲತ್ತದ್ರಿ, ಒಂದಿನ ಈ ಸುರಂಗಾನೇ ಊರು ಉಳಸ್ತದ" ಎಂದು ಅವಳು ಹೇಳಿದರೆ, "ಅಗಸರಿಗೆ ಒಗಿಲಾಕ ನೀರು ಬೇಕಾಗ್ಯದ, ಅದಕ್ಕ ಊರಿನ ಹೆಸರು" ಎಂದು ನಗುತ್ತಿದ್ದರು. ಶಾಖ ಸಿದ್ಧತೆಯ ಯೋಜನೆ ಎಂದು ಬಣ್ಣದ ಪುಸ್ತಕವೊಂದು ಅಚ್ಚಾಗಿ ಬಂತು. ಅದರಲ್ಲಿ ಸುರಂಗದ ಚಿತ್ರವೂ ಇತ್ತು, ಕೆಳಗೆ 'ಮೂರನೇ ಹಂತ' ಎಂದು ಬರೆದಿತ್ತು. ಮೊದಲನೇ ಹಂತ ಪುಸ್ತಕವನ್ನು ಅಚ್ಚು ಹಾಕಿಸುವುದೇ ಇದ್ದಿರಬೇಕು, ಅದರಾಚೆಗೆ ಏನೂ ಆಗಲಿಲ್ಲ. ಬೇಸತ್ತ ಹೆಂಗಸರು ಬುಟ್ಟಿ ಹಿಡಿದು ತಾವೇ ಮೂರು ಬಾಯಿ ತೆರವು ಮಾಡಿದರು. ಮರುವಾರವೇ ಪುರಸಭೆ 'ಅಪಾಯ' ಎಂಬ ಬೋರ್ಡು ಹಾಕಿ, ಕಬ್ಬಿಣದ ಗೇಟಿಗೆ ಬೀಗ ಜಡಿಯಿತು.

ವಿಠಲ್ ಜಿಲ್ಲೆಗೆ ಫೋನು ಹಚ್ಚಿದ. ಆ ಕಡೆಯ ದನಿ ಕೇಳಿತು, "ನಿಮ್ಮ ಪರದೆಯಲ್ಲಿ ಎಷ್ಟಿದೆ?" ಇಪ್ಪತ್ತೆಂಟು ಎಂದ. "ಮತ್ತೇನು ನಿಮ್ಮ ಗಲಾಟೆ? ಮೂವತ್ತೊಂದು ದಾಟಿದ ಮೇಲೆ ಮಾಡಿ." ಅವನು ಫೋನು ಇಟ್ಟ. ನೌಕರಿ ಹಿಡಿದು ನಾಲ್ಕು ವರ್ಷವಾಗಿತ್ತು ಅವನಿಗೆ.

"ಬೀಗದ ಕೀಲಿ ಪುರಸಭಾದಾಗ ಅದ" ಎಂದ.

"ಕೀಲಿ ಯಾಕ?" ಎಂದಳು ಕಾಶಮ್ಮ. "ಕೈಯಾಗ ಕಲ್ಲಿದ್ರ ಬೀಗ ಎಷ್ಟೊತ್ತಿಂದು?"

ಮೂರು ಬಾಯಿಗಳ ಉದ್ದಕ್ಕೆ ಒತ್ತಿ ಕೂರಿಸಿದರೆ ಐವತ್ತು ಮಂದಿ ಹಿಡಿಯುತ್ತಾರೆ. ಉಳಿದ ತೊಂಬತ್ತಕ್ಕೆ ಮುಂದಿನ ಭಾಗ ತೆರವಾಗಬೇಕು, ಅದೂ ಬೆಳಗಾಗುವುದರೊಳಗೆ. ಜ್ವರದ ಮೂರು ದಿನ ಬಿಟ್ಟರೆ ಈ ರೋಗ ಅಂಟುವುದಿಲ್ಲ ಎಂದು ಡಾಕ್ಟರ್ ನುಸ್ರತ್ ಬೀದಿ ಬೀದಿ ನಿಂತು ಹೇಳಿದರು. ಊರಿನವರು ಕೇಳಿ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಬಂದವರು ಎಂಟು ಮಂದಿ ಅಗಸಗಿತ್ತಿಯರು, ವಿಠಲ್, ಮತ್ತು ಒಬ್ಬ ಗೌಂಡಿ. ಹತ್ತು ಬುಟ್ಟಿಗೆ ಆ ಕಲ್ಲುಮಣ್ಣು ಯಾವ ಲೆಕ್ಕ?

ಆಗ ಬಾಗಿಲ ಪಕ್ಕದ ಚಾಪೆಯಿಂದ ಜಗದೇವಿ ಎದ್ದಳು.

"ಡಾಕ್ಟರಬಾಯಿ, ನಮಗೇನಾಗ್ಯದ? ಕೈಕಾಲು ಗಟ್ಟಿ ಅವ. ಕುಂತು ಕುಂತು ಕುಂಡಿ ಸವದದ. ನಾವೇ ಅಗೀತೀವಿ."

"ದುಡದ್ರ ಮೈ ಬಿಸಿ ಆಗ್ತದಲ್ಲಾ, ಬೆವರಿಲ್ದೆ ಸತ್ತೇ ಹೋಗ್ತೀರಿ!"

"ಮ್ಯಾಲ ಸಾಯ್ತೀವಿ. ತೆಳಗ ನೀರಾಗ ನಿಂತು ಅಗದ್ರ?"

ಡಾಕ್ಟರ್ ಕಾಶಮ್ಮನನ್ನು ನೋಡಿದರು, ಕಾಶಮ್ಮ ನೆಲ ನೋಡಿದಳು. ಬೇಡ ಎನ್ನಲು ನಾಲಗೆ ತುದಿಗೆ ಬಂದಿತ್ತು. ಆದರೆ ಬೇರೆ ಯಾರ ಮನೆಯ ಮಗಳಾದರೂ ಹೋಗಲಿ, ನನ್ನ ನೆಗೆಣ್ಣಿ ಮಾತ್ರ ಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಕೊನೆಗೆ ಡಾಕ್ಟರ್ ಕಟ್ಟಳೆ ಮಾಡಿದರು: ಒಬ್ಬರು ಅರ್ಧ ಎಲೆಯ ಹೊತ್ತು ಮಾತ್ರ ಅಗೆಯಬೇಕು, ಒಂದು ಎಲೆಯ ಹೊತ್ತು ಕುತ್ತಿಗೆಯವರೆಗೆ ನೀರಲ್ಲಿ ಮಲಗಬೇಕು.

ಸೂರ್ಯ ಮುಳುಗಿದ ಮೇಲೆ ಶುರುವಾದ ಕೆಲಸ ಬೆಳಕು ಹರಿಯುವವರೆಗೂ ನಡೆಯಿತು. ನೂರು ಮಂದಿ ರೋಗಿಗಳು ಸುರಂಗದೊಳಗೆ ಸಾಲು ಹಚ್ಚಿ ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಸಾಲಿನ ತುದಿಯಲ್ಲಿ ಜಗದೇವಿಯ ಬಾಯಿ. "ಏ ಮಾಸ್ತರ, ಸಾಲಿಯಾಗ ಕಡ್ಡಿ ಮುರದಿಲ್ಲ, ಇಲ್ಲರೇ ಕಲ್ಲು ಎತ್ತೋ!" ಎಂದು ಬೈಯುತ್ತಾ, ನಗಿಸುತ್ತಾ, ಮಧ್ಯೆ ಮಧ್ಯೆ ನೀರಿಗೆ ಬೀಳುತ್ತಾ. ಬೆಳಗಿನ ಹೊತ್ತಿಗೆ ಇನ್ನೆರಡು ಬಾಯಿಗಳ ಉದ್ದ ತೆರವಾಯಿತು. ನೂರು ಮಂದಿಗೆ ಒಳಗೆ ಜಾಗ ಸಿಕ್ಕಿತು. ಮೂವತ್ತೊಂಬತ್ತು ಮಂದಿ ಉಳಿದರು. ಎಲ್ಲರಿಗಿಂತ ಗಟ್ಟಿಮುಟ್ಟಾದವರು ಎಂದು ಅವರನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿದರು. ಅಲ್ಲಿ ನೆರಳಿತ್ತು, ನೀರಿತ್ತು. ಆದರೆ ಒಳಗಿನಷ್ಟು ತಂಪಿರಲಿಲ್ಲ. ಜಗದೇವಿ ತಾನಾಗಿ ಹೋಗಿ ಅಲ್ಲೇ ಕುಳಿತಳು.

"ಒಳಗ ಬಾ" ಎಂದಳು ಕಾಶಮ್ಮ.

"ಒಳಗ ಬಾಣಂತಿ ಕುಂತಾಳ ನನ್ನ ಜಾಗದಾಗ. ಎಬ್ಬಸ್ಲೇನು?"

"ನಾ ಒಳಗಿನ ಬಾಯಿ ಇನ್ನೊಂದು ತೆಗಸಿ ಬರ್ತೀನಿ. ಅದು ತೆಗದ್ರ ಎಲ್ಲಾರೂ ಒಳಗ ಹಿಡೀತೀರಿ. ನಾ ಬರೋ ತನಕ ಮೆಟ್ಟಲಾ ಹತ್ತಬ್ಯಾಡ, ಆಣಿ ಅದ ನಿಂಗ."

"ಹೋಗ ಹೋಗ. ಅತ್ತಿ ಸತ್ತು ಇಪ್ಪತ್ತು ವರ್ಷ ಆತು, ಆಕಿ ಬಾಯಿ ನಿನಗ ಬಂದದ."

ಮಧ್ಯಾಹ್ನ ಒಂದರ ಸುಮಾರಿಗೆ, ಕಾಶಮ್ಮ ಸುರಂಗದ ಆ ತುದಿಯಲ್ಲಿ ಆರನೇ ಬಾಯಿಯ ಕಲ್ಲು ಕೀಳುತ್ತಿದ್ದಾಗ, ಮೇಲೆ ಗುಡುಗಿತು. ಕಾದ ಮಣ್ಣಿಗೆ ಹನಿ ಬಿದ್ದ ವಾಸನೆ ಸುರಂಗದ ತುಂಬ ಇಳಿದು ಬಂತು. ಒಳಗಿದ್ದವರೆಲ್ಲ ಮೂಗರಳಿಸಿ ಮೇಲೆ ನೋಡಿದರು.

ಮೊದಲ ಮಳೆಗೆ ಮೈಯೊಡ್ಡಿದರೆ ಬೆವರುಸಾಲೆ ಹೋಗುತ್ತದೆ ಎಂದು ಆ ಸೀಮೆಯಲ್ಲಿ ಎಲ್ಲ ತಾಯಂದಿರೂ ಮಕ್ಕಳನ್ನು ಬರಿಮೈಯಲ್ಲಿ ಅಂಗಳಕ್ಕೆ ಅಟ್ಟುತ್ತಾರೆ. ಮುಚ್ಚಿದ ಬೆವರಿನ ರಂಧ್ರ ತೆರೆಯುವುದು ಆ ಮಳೆಯೇ ಎಂದು ಬೆಳೆದವರು ಅವರು. ಹಾಲಿನಲ್ಲಿ ಮಲಗಿ ದಿನ ಎಣಿಸುತ್ತಿದ್ದವರು ಹಲವು ದಿನಗಳಿಂದ ತಮ್ಮ ತಮ್ಮೊಳಗೆ ಇದನ್ನೇ ಮಾತಾಡಿಕೊಂಡಿದ್ದರು. ಬೆವರು ಬರಿಸುವ ಔಷಧ ಡಾಕ್ಟರ ಬಳಿ ಇಲ್ಲದಿದ್ದರೇನು, ಆಕಾಶದ ಹತ್ತಿರ ಇದೆ ಎಂದು. ಡಾಕ್ಟರಿಗಾಗಲಿ ವಿಠಲನಿಗಾಗಲಿ ಇದು ಗೊತ್ತಿರಲಿಲ್ಲ. ಕಾಶಮ್ಮನಿಗೆ ಗೊತ್ತಿರಬೇಕಿತ್ತು. ನೂರು ಚಾದರದ ಗಡಿಬಿಡಿಯಲ್ಲಿ ಅವಳೂ ಮರೆತಿದ್ದಳು.

ಸುರಂಗದ ಉದ್ದಕ್ಕೂ ಕೂಗು ಹರಿದು ಬಂತು. ಜಗದೇವಿಯ ದನಿ.

"ಬೆವರು ಬಂತು! ಬರ್ರೋ ಎಲ್ಲಾ! ಯಕ್ಕಾ, ಬೆವರು ಬಂತು!"

ಮೊಣಕಾಲುದ್ದ ನೀರಲ್ಲಿ ಓಡುವುದು ಸುಲಭವಲ್ಲ. ಬಂದವರನ್ನು ತಳ್ಳುತ್ತಾ, ಎದ್ದವರನ್ನು ಕೂರಿಸುತ್ತಾ, "ಕೂಡ್ರಿ, ಕೂಡ್ರಿ" ಎಂದು ಚೀರುತ್ತಾ ಕಾಶಮ್ಮ ಮೆಟ್ಟಿಲ ಬುಡಕ್ಕೆ ಬರುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಮೇಲೆ ಹತ್ತಿದಳು. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಟ್ಟೆಯ ಪಕ್ಕದ ಬಯಲಿಂದ ಹೊಗೆಯಂತೆ ಆವಿ ಏಳುತ್ತಿತ್ತು. ಮೂವತ್ತೊಂಬತ್ತು ಮಂದಿ ಆ ಆವಿಯಲ್ಲಿ ಕೈಯೆತ್ತಿ ನಿಂತು, ತಂತಮ್ಮ ತೋಳು ನೋಡಿಕೊಂಡು ನಗುತ್ತಿದ್ದರು. ತೋಳಿನ ತುಂಬ ಹನಿ. ಒರೆಸಿಕೊಂಡರೆ ಮತ್ತೆ ಹನಿ. ಸುರಂಗದಲ್ಲಿ ತಂಪಾದ ಮೈ, ಹೊರಗೆ ಕುದಿಯುವ ತೇವ. ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿ ಕೂಡುವ ಹಾಗೆ ಕೂಡುತ್ತಿತ್ತು.

"ನೋಡ್ ಯಕ್ಕಾ!" ಜಗದೇವಿ ತೋಳು ಮುಂದೆ ಚಾಚಿದಳು. ಕಣ್ಣಲ್ಲಿ ನೀರಿತ್ತು. "ಒಂದು ದಿನ ಮೊದಲೇ ಬಂತು!"

ಕಾಶಮ್ಮ ಆ ತೋಳನ್ನು ಹಿಡಿದು ನಾಲಗೆಯಿಂದ ನೆಕ್ಕಿದಳು. ಇನ್ನೊಂದು ಕಡೆ ನೆಕ್ಕಿದಳು.

"ಸಪ್ಪಗದ. ಉಪ್ಪಿಲ್ಲ ಜಗದೇವಿ. ಇದು ಬೆವರಲ್ಲ, ಗಾಳ್ಯಾಗಿನ ನೀರು. ಒಳಗ ನಡಿ."

"ಹುಚ್ಚೇನ ನಿಂಗ?"

"ನಲ್ವತ್ತು ವರ್ಷ ಮಂದಿ ಬೆವರಾಗ ಕೈ ಅದ್ದೀನಿ, ನಂಗ ಹೇಳಬ್ಯಾಡ. ನಡಿ!" ಅವಳು ಬಯಲಿಗೆಲ್ಲ ಕೇಳುವಂತೆ ಕೂಗಿದಳು, "ಎಲ್ಲಾರೂ ನಿಮ್ಮ ನಿಮ್ಮ ಕೈ ನೆಕ್ಕಿ ನೋಡ್ರಿ! ಉಪ್ಪದೇನು?"

ಒಬ್ಬ ನಕ್ಕ. ಸೊಸೈಟಿಯ ಕಾರಕೂನ ಅವನು, ಪುರಸಭೆಯಲ್ಲೂ ಓಡಾಡಿಕೊಂಡವನು. "ಈಕಿಗಿ ಸುರಂಗದ ಹುಚ್ಚು ಮೊದಲಿಂದೂ ಅದ. ಆರು ವರ್ಷ ಆಫೀಸ್ ಮುಂದ ಕುಂತ್ಲು, ಈಗ ಊರನ್ನೇ ಒಳಗ ಹುಗೀಬೇಕು ಅಂತಾಳ. ನಾ ಮನಿಗಿ ಹೋಗ್ತೀನಪ್ಪಾ. ಬೆವರು ಬಂತು, ಜಡ್ಡು ಹೋಯ್ತು." ಅವನು ಊರಿನ ದಾರಿ ಹಿಡಿದ. ಐದಾರು ಮಂದಿ ಅವನ ಹಿಂದೆ ಹೊರಟರು. ಉಳಿದವರು ಹೋಗಲೋ ಬೇಡವೋ ಎಂದು ಜಗದೇವಿಯ ಮುಖ ನೋಡುತ್ತಾ ನಿಂತರು. ಇಷ್ಟು ದಿನವೂ ಅವರು ನೋಡಿದ್ದು ಅವಳನ್ನೇ.

ಜಗದೇವಿ ಏನೋ ಹೇಳಲು ಬಾಯಿ ತೆರೆದಳು. ಮಾತು ತೊದಲಿತು. "ಯಕ್ಕಾ, ಹರವಿದ ಬಟ್ಟಿ... ತಗೀಬೇಕಲ್ಲ..." ಎಂದಳು. ಅಲ್ಲಿ ಯಾವ ಬಟ್ಟೆಯೂ ಹರವಿರಲಿಲ್ಲ. ಕಾಶಮ್ಮ ಅವಳ ಕುತ್ತಿಗೆ ಮುಟ್ಟಿದಳು. ಸುಡುತ್ತಿತ್ತು.

ವಿಠಲ್ ಯಂತ್ರ ಹಿಡಿದುಕೊಂಡು ಓಡಿ ಬಂದ. "ಮೂವತ್ನಾಲ್ಕು ದಾಟ್ಯದ!" ಎಂದು ಚೀರಿದ. ಆ ಅಂಕೆ ಕಾಶಮ್ಮನೊಬ್ಬಳನ್ನು ಬಿಟ್ಟು ಅಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಬಲ್ಲ ಬಾಯಿ ಒಂದೇ ಇತ್ತು, ಅದು ಕಾಶಮ್ಮನ ತೋಳಿನಲ್ಲಿ ಜೋತುಬಿದ್ದಿತ್ತು.

ಕಾಶಮ್ಮ ಒಂದು ಕ್ಷಣ ಬಯಲನ್ನು ನೋಡಿದಳು. ಇಲ್ಲಿ ನಿಂತು ಕೂಗಿದರೆ ಹತ್ತು ಮಂದಿಯಾದರೂ ಮಾತು ಕೇಳಿಯಾರು. ಅಷ್ಟು ಹೊತ್ತು ನಿಂತರೆ ತೋಳಿನಲ್ಲಿರುವವಳು ಉಳಿಯುವುದಿಲ್ಲ. ಅವಳು ನೆಗೆಣ್ಣಿಯನ್ನು ಒದ್ದೆ ಬಟ್ಟೆಯ ಗಂಟಿನಂತೆ ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಇಳಿದಳು.

ಸುರಂಗದ ನೀರಲ್ಲಿ ತಲೆ ಮಾತ್ರ ಹೊರಗಿಟ್ಟು ಅವಳನ್ನು ಹಿಡಿದುಕೊಂಡು ಕುಳಿತಳು. ಡಾಕ್ಟರ್ ನುಸ್ರತ್ ಬಂದು ನೋಡಿ, "ನಲ್ವತ್ತೊಂದೂವರಿ. ಬಿಡಬ್ಯಾಡ್ರಿ, ನೀರು ಹೊಯ್ಕೋತ ಇರ್ರಿ" ಎಂದು ಮೇಲೆ ಓಡಿದರು. ಅಗಸಗಿತ್ತಿಯರು, ವಿಠಲ್, ಆ ಗೌಂಡಿ ಬಯಲಿಂದ ಒಬ್ಬೊಬ್ಬರನ್ನೇ ಎಳೆದು ತರುತ್ತಿದ್ದರು. ಮೆಟ್ಟಿಲ ಮೇಲೆ ಕಾಲುಗಳ ಸಪ್ಪಳ, ನೀರಿಗೆ ಮೈ ಇಳಿಸುವ ಸಪ್ಪಳ, ಮೇಲಿಂದ ಕೂಗು, ನರಳಾಟ. ಕಾಶಮ್ಮ ಬೊಗಸೆಯಲ್ಲಿ ನೀರು ಎತ್ತಿ ಎತ್ತಿ ನೆತ್ತಿಗೆ ಹಾಕಿದಳು. ಆಮೇಲೆ ಮೇಲಿನ ಕೂಗು ಕಡಿಮೆಯಾಗುತ್ತಾ ಬಂತು. ಕಡಿಮೆಯಾಗುತ್ತಿರುವುದಕ್ಕೆ ಕಾರಣ ಎಲ್ಲರೂ ಇಳಿದು ಬಂದದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಇಳಿಹೊತ್ತಿಗೆ ಡಾಕ್ಟರ್ ಮತ್ತೆ ಬಂದು ಜಗದೇವಿಯ ಕಿವಿಗೆ ಥರ್ಮಾಮೀಟರ್ ಹಿಡಿದರು. ಮೂವತ್ತೆಂಟೂವರೆ. "ಉಳೀತಾಳ" ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಸಂತೋಷಕ್ಕೆ ಜಾಗವಿರಲಿಲ್ಲ. ಹಿಂದೆಯೇ ವಿಠಲ್ ಬಂದು, ಜಗದೇವಿ ಕಣ್ಣು ಮುಚ್ಚಿದ್ದು ನೋಡಿ, ಮೆಲ್ಲಗೆ ಕೇಳಿದ, "ಕಾಶವ್ವಾ, ಚಾದರ ಬೇಕಾಗ್ಯಾವ. ಇಪ್ಪತ್ತೆರಡು. ಒದ್ದಿ ಇದ್ರೂ ನಡೀತದ, ಹೊಚ್ಲಾಕ." ಅವಳು ಗೋಡೆಯ ಕಡೆಗಿನ ಚಾದರದ ಗಂಟನ್ನು ಕಣ್ಣಲ್ಲೇ ತೋರಿಸಿದಳು. ಅವನು ಅದನ್ನು ಹೊತ್ತುಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಜಗದೇವಿ ಕಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಯಕ್ಕಾ... ನಾ ಕರದ್ನಲ್ಲ ಅವರ್ನ. ಎಲ್ಲಾರೂ ಒಳಗ ಬಂದ್ರಾ?"

ಅಗಸರ ಮನೆಯಲ್ಲಿ ಒಂದು ನಡೆ ಇದೆ. ಕಳೆದ ಕರ್ಚೀಫನ್ನು ಸಿಕ್ಕಿದೆ ಎನ್ನಬಾರದು, ಹರಿದ ಸೀರೆಯನ್ನು ಮೊದಲೇ ಹರಿದಿತ್ತು ಎನ್ನಬಾರದು. ನಂಬಿ ಗಂಟು ಕೊಟ್ಟವರಿಗೆ ಸುಳ್ಳು ಹೇಳಿದರೆ ಆ ಕೈಗೆ ಮತ್ತೆ ಯಾರ ಬಟ್ಟೆಯೂ ದಕ್ಕುವುದಿಲ್ಲ. ಕಾಶಮ್ಮ ಅದನ್ನು ಯಾವತ್ತೂ ಮೀರಿದವಳಲ್ಲ.

"ಬಂದಾರ" ಎಂದಳು.

"ಎಲ್ಲಾರೂ?"

"ಎಲ್ಲಾರೂ ಬಂದಾರ."

ಜಗದೇವಿ ಕತ್ತಲೆಯ ಕಡೆಗೆ ಕಿವಿಗೊಟ್ಟಳು. ನೀರು ಹರಿಯುವ ಸದ್ದಿತ್ತು, ಒಳಗೆಲ್ಲೋ ಒಂದು ಕೂಸು ಅಳುತ್ತಿತ್ತು. ಹಾಲಿನಲ್ಲಿ ಅವಳ ಸುತ್ತ ಕುಳಿತು ನಗುತ್ತಿದ್ದವರ ಒಂದು ದನಿಯೂ ಇರಲಿಲ್ಲ.

"ಮತ್ತ್ಯಾಕ ಯಾರೂ ಮಾತಾಡವಲ್ರು?"

"ದಣದಾರ, ಜಗದೇವಿ. ಮಲಗ್ಯಾರ."

 ನೀರೊಳಗೆ ಜಗದೇವಿಯ ಕೈ ಬಂದು ಕಾಶಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು, ಹಿಡಿದದ್ದು ಬಿಡಲಿಲ್ಲ. ಆರನೇ ಬಾಯಿಯ ಕಡೆಯಿಂದ ಯಾರೋ ಕಾಶಮ್ಮನನ್ನು ಕರೆಯುತ್ತಿದ್ದರು. ನಾಳೆಯೂ ಮೋಡವಿದೆಯಂತೆ, ಪಕ್ಕದ ಊರುಗಳಿಂದ ಗಾಡಿ ಕಟ್ಟಿಕೊಂಡು ಮಂದಿ ಹೊರಟಿದ್ದಾರಂತೆ, ಇನ್ನೂ ಜಾಗ ಬೇಕಂತೆ. "ಬಂದೆ" ಎಂದು ಕೂಗಿದಳು ಕಾಶಮ್ಮ. ಆದರೆ ಆ ಮುಷ್ಟಿ ಬಿಡಿಸುವ ಧೈರ್ಯ ಅವಳಿಗಾಗಲಿಲ್ಲ. ಅಲ್ಲೇ ಕುಳಿತು ನೀರಿನ ತಳದಲ್ಲಿ ಕೈಗೆಟುಕಿದ ಕಲ್ಲುಗಳನ್ನು ಒಂದೊಂದೇ ಎತ್ತಿ ಪಕ್ಕದ ಬುಟ್ಟಿಗೆ ಹಾಕತೊಡಗಿದಳು.